ಜೇಡದ ವಿಳಾಸ: ಅಘನಾಶಿನಿಯ ದಂಡೆಯಿಂದ ಕಾನಿನೊಳಕ್ಕೆ

ಹರಿವ ನೀರಿಗೆ ತಾಗಿದ ಕಲ್ಲಿನ ಅಂಚಿನಲ್ಲಿ ಒಂದು ಜಾತಿಯ ಜೇಡ. ಅಲ್ಲಿಂದ ಒಂದು ಗೇಣು ಮೇಲೆ, ಹಸಿ ಹೊಯಿಗೆಯ ಮೇಲೆ ಓಡಾಡುವುದು ಇನ್ನೊಂದು. ಎದೆಮಟ್ಟದಲ್ಲಿ, ನೀರಿನತ್ತ ಬಾಗಿದ ಕೊಂಬೆಗಳ ನಡುವೆ ಬಲೆ ಕಟ್ಟಿದ್ದು ಮೂರನೆಯದು. ನಾಲ್ಕು ಮಾರು ಹಿಂದೆ ಸರಿದು ಮರಗಳ ನೆರಳಿಗೆ ಬಂದರೆ ಈ ಮೂರರಲ್ಲಿ ಒಂದೂ ಸಿಗುವುದು ಕಷ್ಟ. ಅಲ್ಲಿರುವುದು ಬೇರೆಯೇ ಸಂಸಾರ. ಮನೆಯ ಮೂಲೆಯಲ್ಲಿ ಕಸಬರಿಗೆಯ ತುದಿಗೆ ಸಿಗುವ ಜೇಡವನ್ನಷ್ಟೇ ಬಲ್ಲವರಿಗೆ ಜೇಡ ಎಲ್ಲೆಂದರಲ್ಲಿ ಬದುಕುತ್ತದೆ ಎನ್ನಿಸುವುದು ಸಹಜ. ಹೊಳೆದಂಡೆಯಲ್ಲಿ ಮಂಡಿಯೂರಿ ನೋಡಿದವರಿಗೆ ತಿಳಿಯುವುದು ಬೇರೆ. ಹೆಚ್ಚಿನ ಜೇಡಗಳಿಗೆ ತೀರ ಖಚಿತವಾದ ವಿಳಾಸವಿದೆ. ವಿಳಾಸ ಅಳಿಸಿದರೆ ಜೇಡವೂ ಇಲ್ಲ.

ದೀಪಾವಳಿ ಕಳೆದ ಮೇಲೆ ನಮ್ಮ ಸಣ್ಣ ತಂಡ ಸಿದ್ದಾಪುರ ತಾಲ್ಲೂಕಿನ ಹಳ್ಳಿಯೊಂದಕ್ಕೆ ಹೋದದ್ದು ಈ ವಿಳಾಸಗಳನ್ನು ಬರೆದುಕೊಳ್ಳಲಿಕ್ಕೆ. ಜೀವಶಾಸ್ತ್ರ ಪಾಠ ಮಾಡುವ ಮೇಷ್ಟ್ರು, ಅವರ ಇಬ್ಬರು ವಿದ್ಯಾರ್ಥಿಗಳು, ಚೀಲ ಹೊರಲು ಮತ್ತು ಬರೆಯಲು ನಾನು. ಮಳೆ ನಿಂತ ಈ ತಿಂಗಳುಗಳಲ್ಲಿ ಬಲೆ ಹೆಣೆಯುವ ಅನೇಕ ಜೇಡಗಳು ಪ್ರಾಯಕ್ಕೆ ಬಂದಿರುತ್ತವೆ. ಪ್ರಾಯದ ಜೇಡವಲ್ಲದಿದ್ದರೆ ಅದು ಯಾವ ಪ್ರಭೇದವೆಂದು ಹೇಳುವುದು ಹೆಚ್ಚಿನ ಸಂದರ್ಭಗಳಲ್ಲಿ ಆಗದ ಮಾತು. ಆ ಕಾರಣಕ್ಕೇ ಈ ಋತು.

ಅಘನಾಶಿನಿಯನ್ನು ಆರಿಸಿಕೊಂಡದ್ದಕ್ಕೂ ಕಾರಣವಿದೆ. ಶಿರಸಿಯ ಆಸುಪಾಸಿನಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ತದಡಿಯ ಬಳಿ ಕಡಲು ಸೇರುವ ಈ ಹೊಳೆಗೆ ದೊಡ್ಡ ಅಣೆಕಟ್ಟು ಇಲ್ಲ. ಮಳೆಗಾಲದಲ್ಲಿ ಏರುತ್ತದೆ, ಬೇಸಿಗೆಯಲ್ಲಿ ಬಂಡೆಗಳ ನಡುವೆ ಇಳಿಯುತ್ತದೆ. ಅದರ ದಂಡೆ ಇನ್ನೂ ಮಳೆಯ ಲೆಕ್ಕದಲ್ಲೇ ಬದುಕುತ್ತಿದೆ. ಅಣೆಕಟ್ಟಿನ ಕೆಳಗಿನ ನದಿಗಳಲ್ಲಿ ಗೇಟು ತೆಗೆದಾಗ ನೀರು, ಮುಚ್ಚಿದಾಗ ಕಲ್ಲು. ಅಂಥ ಕಡೆ ನೀರಂಚಿನ ಜೀವಿಗಳಿಗೆ ನೆಲೆ ನಿಲ್ಲುವುದು ಕಷ್ಟ. 2024ರಲ್ಲಿ ಅಘನಾಶಿನಿಯ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್‌ಸರ್ ಪಟ್ಟಿಗೆ ಸೇರಿತು. ಅಳಿವೆಯ ಚಿಪ್ಪಿಕಲ್ಲಿನ ಬಗ್ಗೆ, ಮೀನಿನ ಬಗ್ಗೆ ನಮಗೆ ತಕ್ಕಮಟ್ಟಿಗೆ ಗೊತ್ತು. ಮೇಲಿನ ದಂಡೆಯ ಎಂಟು ಕಾಲಿನವರ ಬಗ್ಗೆ ಗೊತ್ತಿರುವುದು ಅದಕ್ಕಿಂತ ತುಂಬ ಕಡಿಮೆ.

ಜಗತ್ತಿನಲ್ಲಿ ಹೆಸರು ಪಡೆದ ಜೇಡ ಪ್ರಭೇದಗಳು 50,000 ದಾಟಿದ್ದು 2022ರ ಏಪ್ರಿಲ್‌ನಲ್ಲಿ. ಸ್ವಿಟ್ಜರ್ಲೆಂಡಿನ ಬರ್ನ್ ನಗರದ ನಿಸರ್ಗ ವಸ್ತುಸಂಗ್ರಹಾಲಯ ನಡೆಸುವ ವಿಶ್ವ ಜೇಡ ಪಟ್ಟಿಯಲ್ಲಿ ಬ್ರೆಜಿಲ್ಲಿನ ಒಂದು ಜಿಗಿಯುವ ಜೇಡ ಆ ಸಂಖ್ಯೆಯನ್ನು ಮುಟ್ಟಿಸಿತು. ಭಾರತದಲ್ಲಿ ದಾಖಲಾದವು 1,800ಕ್ಕೂ ಹೆಚ್ಚು. ನಮ್ಮ ನಾಡಿನ ಜೇಡಗಳ ಬಗ್ಗೆ ಮೊದಲ ಗಟ್ಟಿ ಗ್ರಂಥ ಬಂದದ್ದು 1900ರಲ್ಲಿ, ಬ್ರಿಟಿಷ್ ವಿಜ್ಞಾನಿ ಆರ್.ಐ. ಪೋಕಾಕ್ ಅವರಿಂದ. ಆ ಬಳಿಕ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ಬಿ.ಕೆ. ಟಿಕಾದರ್ ತಮ್ಮ ವೃತ್ತಿಜೀವನದ ಬಹುಪಾಲನ್ನು ಈ ಕೆಲಸಕ್ಕೆ ಮುಡಿಪಿಟ್ಟರು. ಅವರ ಕೈಪಿಡಿ ಅಚ್ಚಾದದ್ದು 1987ರಲ್ಲಿ. ಇಂದಿಗೂ ಕ್ಷೇತ್ರಕ್ಕೆ ಹೋಗುವವರ ಚೀಲದಲ್ಲಿ ಅದರ ನೆರಳಚ್ಚು ಪ್ರತಿ ಇರುತ್ತದೆ. ಹಕ್ಕಿಗಳಿಗೆ, ಚಿಟ್ಟೆಗಳಿಗೆ ಬಂದಷ್ಟು ಪುಸ್ತಕ ಜೇಡಗಳಿಗೆ ಬಂದಿಲ್ಲ. ಕನ್ನಡದಲ್ಲಂತೂ ಬೆರಳೆಣಿಕೆಗೂ ಕಷ್ಟ.

ಚೀಲದಲ್ಲಿದ್ದ ಸಾಮಾನು ಬಹಳ ಸರಳ. ಬಿಳಿ ಬಟ್ಟೆ, ಒಂದು ಹಳೆಯ ಕೊಡೆ, ಜರಡಿ, ಬಿಳಿ ತಟ್ಟೆ, ಮೃದು ಕುಂಚ, ಮುಚ್ಚಳವಿರುವ ಸಣ್ಣ ಸೀಸೆಗಳು, ತಲೆಗೆ ಕಟ್ಟುವ ಟಾರ್ಚ್, ನೀರು ಸಿಂಪಡಿಸುವ ಬಾಟಲಿ, ಪೆನ್ಸಿಲ್. ಇದರ ಜೊತೆ ‘ಹೀರುಕ’ ಎಂದು ನಾವು ಕರೆಯುವ ಗಾಜಿನ ನಳಿಗೆ: ಒಂದು ತುದಿಯಿಂದ ಬಾಯಲ್ಲಿ ಗಾಳಿ ಎಳೆದರೆ ಇನ್ನೊಂದು ತುದಿಯಲ್ಲಿರುವ ಪುಟ್ಟ ಜೇಡ ಸೀಸೆಯೊಳಗೆ ಬಂದು ಬೀಳುತ್ತದೆ, ನಡುವೆ ತೆಳು ಬಟ್ಟೆ ಕಟ್ಟಿರುವುದರಿಂದ ಬಾಯಿಗೆ ಬರುವುದಿಲ್ಲ. ಎರಡು ಮಿ.ಮೀ. ಉದ್ದದ ಜೀವಿಯನ್ನು ಕಾಲು ಮುರಿಯದೆ ಎತ್ತಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ಇವೆಲ್ಲಕ್ಕಿಂತ ಮೊದಲು ಬೇಕಾದದ್ದು ಕಾಗದ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಲ್ಲಿ ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಅನುಮತಿಯಿಲ್ಲದೆ ಒಂದು ಜೇಡವನ್ನೂ ಮುಟ್ಟುವಂತಿಲ್ಲ. ಉಳಿದ ಕಾಡಿನಲ್ಲೂ ಅರಣ್ಯ ಇಲಾಖೆಗೆ ತಿಳಿಸಿ, ಒಪ್ಪಿಗೆ ಪಡೆದೇ ಹೋಗಬೇಕು. ಮಾದರಿಗಳನ್ನು ಹೊರದೇಶಕ್ಕೆ ಕಳಿಸುವುದಕ್ಕೆ 2002ರ ಜೀವವೈವಿಧ್ಯ ಕಾಯ್ದೆಯ ಕಟ್ಟುಪಾಡುಗಳಿವೆ. ಈ ಓಡಾಟ ಬೇಸರ ತರಿಸುತ್ತದೆ ಎಂದು ಗೊಣಗುವ ಸಂಶೋಧಕರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಪೋಕಾಕ್ ಕಾಲದಲ್ಲಿ ನಮ್ಮ ಕಾಡುಗಳಿಂದ ಹೋದ ಅನೇಕ ಮೂಲ ಮಾದರಿಗಳು ಇಂದಿಗೂ ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿವೆ. ಇಲ್ಲಿಯ ಜೇಡವನ್ನು ಇಲ್ಲಿಯವರು ಖಚಿತಪಡಿಸಿಕೊಳ್ಳಲು ಅಲ್ಲಿಯ ಸೀಸೆಯನ್ನು ನೋಡಬೇಕಾದ ಪರಿಸ್ಥಿತಿ ಮತ್ತೆ ಬರಬಾರದು.

ಬೆಳಗಿನ ಇಬ್ಬನಿಯಲ್ಲಿ ದಂಡೆಯ ಹುಲ್ಲಿನ ಮೇಲೆ ಬಿಳಿ ಹಾಸುಬಲೆಗಳು ಎದ್ದು ಕಂಡವು. ಹಾಸಿನ ಒಂದು ಮೂಲೆ ಆಲಿಕೆಯಾಗಿ ನೆಲದೊಳಕ್ಕೆ ಇಳಿದಿರುತ್ತದೆ. ಅದರ ಬಾಯಲ್ಲಿ ಹಿಪ್ಪಾಸಾ ಕುಲದ ಜೇಡ ಕಾದಿರುತ್ತದೆ. ಇದು ತೋಳ ಜೇಡಗಳ ಕುಟುಂಬದ್ದು. ಆ ಕುಟುಂಬದ ಹೆಚ್ಚಿನವು ಬಲೆ ಬಿಟ್ಟು ಓಡಿ ಬೇಟೆಯಾಡುವವು. ಹಿಪ್ಪಾಸಾದಂಥ ಕೆಲವು ಮಾತ್ರ ಬಲೆಯಲ್ಲಿ ಬದುಕುತ್ತವೆ. ಬಿಸಿಲೇರಿ ಇಬ್ಬನಿ ಆರಿದ ಮೇಲೆ ಅದೇ ಹುಲ್ಲಿನ ಮೇಲೆ ಏನೂ ಇಲ್ಲವೆನ್ನಿಸುತ್ತದೆ. ಇಬ್ಬನಿಯಿಲ್ಲದ ಹೊತ್ತಿನಲ್ಲಿ ಬಲೆ ಕಾಣಲಿಕ್ಕೇ ಆ ಸಿಂಪಡಿಸುವ ಬಾಟಲಿ. ಕೆಲವರು ಜೋಳದ ಹಿಟ್ಟು ಎರಚುತ್ತಾರೆ. ಹಿಟ್ಟು ಬಲೆಯ ಅಂಟನ್ನು ಕೆಡಿಸುತ್ತದೆ, ನೀರು ಆರಿಹೋಗುತ್ತದೆ. ಆದ್ದರಿಂದ ನೀರೇ ಸರಿ.

ಹೊಯಿಗೆಯ ಮೇಲೆ ನಡೆಯುವಾಗ ಮೇಷ್ಟ್ರು ಪದೇಪದೇ ತಡೆದು ನಿಲ್ಲಿಸುತ್ತಿದ್ದರು. ಪಾರ್ಡೋಸಾ ಕುಲದ ತೋಳ ಜೇಡಗಳು ನಮ್ಮ ಹೆಜ್ಜೆಗೆ ಮುಂದೆ ಮುಂದೆ ಓಡುತ್ತಿದ್ದವು. ಮೈಬಣ್ಣ ಹೊಯಿಗೆಯ ಬಣ್ಣವೇ. ಓಡಿದರೆ ಮಾತ್ರ ಕಾಣುತ್ತವೆ, ನಿಂತರೆ ಮಾಯ. ಒಂದು ಹೆಣ್ಣು ಬೂದು ಬಣ್ಣದ ಮೊಟ್ಟೆಚೀಲವನ್ನು ತನ್ನ ಹಿಂಭಾಗದ ನೂಲುಮೊಲೆಗಳಿಗೆ ಅಂಟಿಸಿಕೊಂಡು ಎಳೆದೊಯ್ಯುತ್ತಿತ್ತು. ಮರಿಗಳು ಒಡೆದು ಬಂದಮೇಲೆ ಅಮ್ಮನ ಬೆನ್ನೇರಿ ಕೆಲವು ದಿನ ಕಳೆಯುತ್ತವೆ. ಅದೇ ದಂಡೆಯ ಬಂಡೆಯ ಮೇಲೆ ಕೂತ ಮೀನುಗಾರ ಜೇಡ ಮೊಟ್ಟೆಚೀಲವನ್ನು ಹೊರುವುದು ಬಾಯಿಯ ಬಳಿ, ಕೋರೆಗಳಲ್ಲಿ ಕಚ್ಚಿಕೊಂಡು. ಚೀಲವನ್ನು ಎಲ್ಲಿ ಹೊತ್ತಿದೆ ಎಂಬುದೊಂದನ್ನೇ ನೋಡಿ ದೂರದಿಂದಲೇ ಕುಟುಂಬ ಹೇಳಿಬಿಡಬಹುದು ಎಂದು ವಿದ್ಯಾರ್ಥಿಗಳಿಗೆ ಅವರು ತೋರಿಸಿಕೊಟ್ಟರು. ಪುಸ್ತಕದಲ್ಲಿ ಓದಿ ಮರೆಯುವ ಸಂಗತಿ ಹಾಗೆ ಕಣ್ಣೆದುರು ನಡೆದುಹೋದರೆ ಮರೆಯುವುದಿಲ್ಲ.

ಮೀನುಗಾರ ಜೇಡ ನೀರಿನ ಮೇಲೆಯೇ ನಿಲ್ಲಬಲ್ಲದು. ಕಾಲಿನ ತುಂಬ ನೀರು ಹಿಡಿಯದ ರೋಮಗಳು; ಅದರ ತೂಕಕ್ಕೆ ನೀರಿನ ಮೇಲ್ಪೊರೆ ಹರಿಯುವುದಿಲ್ಲ, ಬರಿದೆ ತಗ್ಗುತ್ತದೆ. ಹಿಂಗಾಲುಗಳನ್ನು ಕಲ್ಲಿನ ಮೇಲೂರಿ ಮುಂಗಾಲುಗಳನ್ನು ನೀರಿಗೆ ಚಾಚಿ ಕೂತಿರುತ್ತದೆ. ಬಿದ್ದ ಹುಳು ಒದ್ದಾಡಿ ಎಬ್ಬಿಸುವ ಅಲೆ, ಗಾಳಿ ಎಬ್ಬಿಸುವ ಅಲೆ, ಎರಡರ ವ್ಯತ್ಯಾಸವೂ ಅದಕ್ಕೆ ಕಾಲಿನಿಂದಲೇ ತಿಳಿಯುತ್ತದೆ. ಗಾಬರಿಯಾದರೆ ಕಲ್ಲನ್ನು ಹಿಡಿದು ನೀರೊಳಗೆ ಇಳಿದುಬಿಡುತ್ತದೆ. ಮೈಯ ರೋಮಗಳ ನಡುವೆ ಸಿಕ್ಕ ಗಾಳಿಯ ಪೊರೆ ಒಳಗೆ ಉಸಿರಿಗಾಗುತ್ತದೆ. ಸಣ್ಣ ಮೀನು, ಗೊದಮೊಟ್ಟೆಗಳನ್ನೂ ಹಿಡಿಯಬಲ್ಲ ಜೇಡವಿದು.

ನೀರಿನ ಮೇಲೆ ಬಾಗಿದ ಕೊಂಬೆಗಳದ್ದು ಟೆಟ್ರಾಗ್ನಾಥಾ ಕುಲದ ರಾಜ್ಯ. ಉದ್ದ ದವಡೆ, ಕಡ್ಡಿಯಷ್ಟು ಸಪೂರ ದೇಹ. ಹಗಲಲ್ಲಿ ಮುಂಗಾಲು ಮುಂದಕ್ಕೆ, ಹಿಂಗಾಲು ಹಿಂದಕ್ಕೆ ಚಾಚಿ ರೆಂಬೆಗೆ ಒತ್ತಿ ಮಲಗಿದರೆ ಕೈಯಳತೆಯಲ್ಲಿದ್ದರೂ ಕಾಣದು. ಸಂಜೆಗೆ ನೀರಿನ ಮೇಲೆ ಅಡ್ಡಡ್ಡಲಾಗಿ ಚಕ್ರಬಲೆ ಹಾಸುತ್ತವೆ. ಹೀಗೆ ಮಲಗಿದ ಬಲೆ ಏಕೆ? ಸಂಜೆಯ ಹೊತ್ತು ನೀರಿನೊಳಗಿನ ಮರಿಹುಳುಗಳು ರೆಕ್ಕೆ ಬಂದು ಮೇಲೇಳುವ ಸಮಯ. ಅವು ಕೆಳಗಿನಿಂದ ಮೇಲೆ ಬರುತ್ತವೆ. ಬಲೆಯೂ ಅದಕ್ಕೆ ತಕ್ಕಂತೆ ಅಡ್ಡಲಾಗಿರುತ್ತದೆ.

ನನಗೆ ಈ ಇಡೀ ಪ್ರವಾಸದಲ್ಲಿ ಎಲ್ಲಕ್ಕಿಂತ ಮುಖ್ಯವೆನಿಸಿದ್ದು ಇದು. ಕಾಡಿನಿಂದ ಹೊಳೆಗೆ ಎಲೆ ಬೀಳುತ್ತದೆ, ಎಲೆಯನ್ನು ನೀರಿನ ಹುಳುಗಳು ತಿನ್ನುತ್ತವೆ, ಆ ಹುಳುಗಳು ರೆಕ್ಕೆ ಬಂದು ಹೊರಬಿದ್ದಾಗ ದಂಡೆಯ ಜೇಡ ಹಿಡಿಯುತ್ತದೆ, ಜೇಡವನ್ನು ಹಕ್ಕಿ, ಹಲ್ಲಿ, ಕಪ್ಪೆಗಳು ತಿನ್ನುತ್ತವೆ. ಕಾಡು ಹೊಳೆಗೆ ಕೊಟ್ಟದ್ದರಲ್ಲಿ ಒಂದಿಷ್ಟು ಜೇಡದ ಮೂಲಕ ಕಾಡಿಗೇ ಮರಳುತ್ತದೆ. ಈ ನಂಟು ಎಷ್ಟು ಗಟ್ಟಿಯೆಂದರೆ, ಅಮೆರಿಕದ ವಿಜ್ಞಾನಿಗಳು ನದಿಯಲ್ಲಿ ಪಾದರಸ ಮತ್ತಿತರ ವಿಷಗಳಿವೆಯೇ ಎಂದು ತಿಳಿಯಲು ದಂಡೆಯ ಟೆಟ್ರಾಗ್ನಾಥಾ ಜೇಡಗಳನ್ನು ಪರೀಕ್ಷಿಸುತ್ತಾರೆ. ನೀರಿನ ತಳದ ಕೆಸರಿನಲ್ಲಿದ್ದ ವಿಷ ಹುಳುವಿನ ಮೂಲಕ, ನೀರನ್ನೇ ಮುಟ್ಟದ ಜೇಡದ ಮೈಗೆ ಬಂದಿರುತ್ತದೆ. ತೋಟಕ್ಕೆ, ಗದ್ದೆಗೆ ಹೊಡೆದದ್ದು ಹಳ್ಳ ಸೇರುವ ನಮ್ಮ ಊರುಗಳಲ್ಲೂ ಇಂಥ ಪರೀಕ್ಷೆ ಏಕೆ ನಡೆಯಬಾರದು?

ಕತ್ತಲಾದ ಮೇಲೆ ಅದೇ ದಂಡೆಗೆ ಮತ್ತೆ ಹೋದೆವು. ಟಾರ್ಚನ್ನು ಕೈಯಲ್ಲಿ ಹಿಡಿದರೆ ಪ್ರಯೋಜನವಿಲ್ಲ, ಹಣೆಗೆ ಕಟ್ಟಬೇಕು. ತೋಳ ಜೇಡಗಳ ಕಣ್ಣಿನ ಹಿಂಬದಿಯ ಪೊರೆ ಬೆಳಕನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಕಳಿಸುತ್ತದೆ. ಬೆಳಕು ನಮ್ಮ ಕಣ್ಣಿನ ಸಮಕ್ಕಿದ್ದರೆ ಮಾತ್ರ ಆ ಹೊಳಪು ನಮಗೆ ಸಿಗುತ್ತದೆ. ಹೊಯಿಗೆಯ ಮೇಲೆ, ಹುಲ್ಲಿನ ಬುಡದಲ್ಲಿ, ಕಲ್ಲಿನ ಸಂದಿಯಲ್ಲಿ ಹಸಿರು ನೀಲಿ ಚುಕ್ಕಿಗಳು ಹೊತ್ತಿಕೊಂಡವು. ಹಗಲು ಹುಡುಕಿ ಸುಸ್ತಾದ ಜಾಗದಲ್ಲಿ ಎಣಿಸಲಾಗದಷ್ಟು.

ನಮಗೆ ಉಳಿಯಲು ಜಾಗ ಕೊಟ್ಟಿದ್ದ ತೋಟದ ಯಜಮಾನರು ಮೊದಲ ದಿನ ಸೀಸೆಗಳನ್ನು ನೋಡಿ, “ಜೇಡಕ್ಕೂ ಹೆಸರು ಹುಡುಕ್ತಾರಾ ಮಾರಾಯ್ರೆ?” ಎಂದು ಕೇಳಿದ್ದರು. ಮನೆಯ ಅಕ್ಕನಿಗೆ ಇದ್ದದ್ದು ಆತಂಕ. “ಜೇಡ ಉಚ್ಚೆ ಹೊಯ್ದರೆ ಮೈಯೆಲ್ಲ ಬೊಕ್ಕೆ ಏಳ್ತದಲ್ಲ, ನೀವು ಹಾಗೆ ಹಿಡೀತೀರಲ್ಲ” ಎಂದರು. ಈ ನಂಬಿಕೆ ನಾಡಿನ ಅನೇಕ ಕಡೆ ಇದೆ. ಜೇಡ ಹಾಗೆ ಮೈಮೇಲೆ ಉಚ್ಚೆ ಹೊಯ್ದು ಬೊಕ್ಕೆ ಎಬ್ಬಿಸುವುದಿಲ್ಲ. ಮಳೆಗಾಲದಲ್ಲಿ ದೀಪಕ್ಕೆ ಬರುವ, ಕಪ್ಪು ಕೆಂಪು ಪಟ್ಟೆಯ ಪೀಡೆರಸ್ ಎಂಬ ಸಣ್ಣ ಉದ್ದನೆಯ ಜೀರುಂಡೆಯೊಂದಿದೆ. ಅದು ಮೈಮೇಲೆ ಜಜ್ಜಿಹೋದರೆ ಒಳಗಿನ ರಸ ಚರ್ಮವನ್ನು ಸುಟ್ಟು ಬೊಕ್ಕೆ ಬರಿಸುತ್ತದೆ. ಬೆಳಗ್ಗೆ ಎದ್ದವರಿಗೆ ಕಾಣುವುದು ಗೋಡೆಯ ಮೇಲಿನ ಜೇಡ, ಅಪವಾದ ಅದಕ್ಕೆ. ಸರ್ಪಸುತ್ತಿನ ಗುಳ್ಳೆಗಳನ್ನೂ ಜೇಡದ ತಲೆಗೆ ಕಟ್ಟುವುದುಂಟು. ಅದು ವೈರಸ್ಸಿನಿಂದ ಬರುವ ಕಾಯಿಲೆ, ತಡ ಮಾಡದೆ ವೈದ್ಯರಲ್ಲಿಗೆ ಹೋಗಬೇಕಾದದ್ದು. ನಾವು ಕಂಡ ಜೇಡಗಳಲ್ಲಿ ಹೆಚ್ಚಿನವುಗಳ ಕೋರೆ ನಮ್ಮ ಚರ್ಮವನ್ನು ತೂರುವಷ್ಟು ಬಲವಾದದ್ದಲ್ಲ. ಹಾಗೆಂದು ದೊಡ್ಡ ಜೇಡಗಳನ್ನು ಬರಿಗೈಯಲ್ಲಿ ಹಿಡಿಯುವುದು ತಪ್ಪು. ಅವಕ್ಕೂ ನಮಗೂ ಒಳ್ಳೆಯದಲ್ಲ.

ಕಾನಿನೊಳಗೆ, ಅಂದರೆ ದಟ್ಟ ನಿತ್ಯಹಸಿರು ಕಾಡಿನೊಳಗೆ, ಹೊಕ್ಕಾಗ ಕೆಲಸದ ರೀತಿಯೇ ಬದಲಾಯಿತು. ಇಲ್ಲಿ ಕಾಡು ಮಹಡಿ ಮಹಡಿಯಾಗಿದೆ, ಮಹಡಿಗೊಂದು ಉಪಾಯ ಬೇಕು. ಪೊದೆಗಳ ಕೆಳಗೆ ಕೊಡೆಯನ್ನು ತಲೆಕೆಳಗಾಗಿ ಹಿಡಿದು ಕೊಂಬೆಗೆ ಕೋಲಿನಿಂದ ಒಂದೆರಡು ಪೆಟ್ಟು. ಉದುರಿದ್ದರಲ್ಲಿ ಜೇಡ ಇದ್ದರೆ ಹೀರುಕಕ್ಕೆ, ಉಳಿದದ್ದೆಲ್ಲ ಮರಳಿ ಗಿಡಕ್ಕೆ. ಮಂಡಿಯಿಂದ ಕೆಳಗೆ ಬಾಗಿ ಹುಡುಕುವವರು ಒಬ್ಬರು, ಮಂಡಿಯಿಂದ ಕೈ ಎಟಕುವವರೆಗೆ ಹುಡುಕುವವರು ಇನ್ನೊಬ್ಬರು. ಎಷ್ಟು ಜೇಡ ಸಿಕ್ಕಿತೆಂಬುದರ ಜೊತೆಗೆ ಎಷ್ಟು ಹೊತ್ತು ಹುಡುಕಿದೆವೆಂಬುದನ್ನೂ ಬರೆಯಬೇಕು. ಅಮೆರಿಕದ ಜೊನಾಥನ್ ಕಾಡಿಂಗ್ಟನ್ ಮತ್ತು ಸಂಗಡಿಗರು 1991ರಲ್ಲಿ ಉಷ್ಣವಲಯದ ಕಾಡುಗಳಿಗಾಗಿ ರೂಪಿಸಿದ ಈ ಕ್ರಮದಲ್ಲಿ ಒಂದು ಗಂಟೆಯ ಹುಡುಕಾಟವೇ ಅಳತೆಗೋಲು. ಹಾಗೆ ಮಾಡಿದರೆ ಸಿದ್ದಾಪುರದ ಕಾನನ್ನು ಬೊಲಿವಿಯಾದ ಕಾಡಿನೊಂದಿಗೆ ಹೋಲಿಸಬಹುದು. ಮಾಡದಿದ್ದರೆ ಪಕ್ಕದ ಊರಿನ ಕಾನಿನೊಂದಿಗೂ ಹೋಲಿಸಲಾಗದು.

ನೆಲದ ತರಗೆಲೆ, ಇಲ್ಲಿಯವರ ಮಾತಿನಲ್ಲಿ ದರಕು, ಅತ್ಯಂತ ಶ್ರೀಮಂತ ಮಹಡಿ. ದರಕನ್ನು ಜರಡಿಗೆ ಹಾಕಿ ಅಕ್ಕಿ ಕೇರುವ ಹದದಲ್ಲಿ ಅಲ್ಲಾಡಿಸಿದರೆ ಬಿಳಿ ಬಟ್ಟೆಯ ಮೇಲೆ ಪುಡಿಮಣ್ಣು ಬೀಳುತ್ತದೆ. ಉಸಿರು ಬಿಗಿಹಿಡಿದು ನೋಡುತ್ತಿದ್ದರೆ ಮಣ್ಣಿನ ಕಣಗಳಲ್ಲಿ ಕೆಲವಕ್ಕೆ ಕಾಲು ಮೂಡುತ್ತದೆ. ಒಂದೂವರೆ, ಎರಡು ಮಿ.ಮೀ.ನ ಕಿತ್ತಳೆ ಬಣ್ಣದ ಜೇಡಗಳು. ಕೆಲವಕ್ಕೆ ಎಂಟರ ಬದಲು ಆರೇ ಕಣ್ಣು. ಹೊಸ ಪ್ರಭೇದಗಳು ಸಿಗುವ ಸಂಭವ ಹೆಚ್ಚಿರುವುದು ಇಲ್ಲೇ, ಏಕೆಂದರೆ ಕ್ಯಾಮೆರಾ ಹಿಡಿದ ಯಾರೂ ಇಲ್ಲಿ ಕೂರುವುದಿಲ್ಲ.

ಇದೇ ದರಕನ್ನು ಅಡಿಕೆ ಬೆಳೆಗಾರರು ಸೊಪ್ಪಿನ ಬೆಟ್ಟಗಳಿಂದ ಗುಡಿಸಿ ತಂದು ಕೊಟ್ಟಿಗೆಗೆ ಹಾಸುತ್ತಾರೆ, ಗೊಬ್ಬರ ಮಾಡುತ್ತಾರೆ. ತಲೆಮಾರುಗಳ ಕ್ರಮವಿದು; ತೋಟ ಉಳಿದದ್ದೂ ಬೆಟ್ಟ ಉಳಿದದ್ದೂ ಇದರಿಂದಲೇ. ಅದನ್ನು ನಿಲ್ಲಿಸಿ ಎನ್ನುವ ಹಕ್ಕು ನಮಗಿಲ್ಲ. ಆದರೆ ಬೆಟ್ಟದ ಒಂದು ಮೂಲೆಯನ್ನು ಪ್ರತಿವರ್ಷವೂ ಗುಡಿಸದೆ ಬಿಟ್ಟರೆ ನೆಲದ ಜೀವಿಗಳಿಗೆ ಮರಳಿ ಹಬ್ಬಲು ಒಂದು ನೆಲೆ ಇರುತ್ತದೆ. ಯಜಮಾನರಿಗೆ ಈ ಮಾತು ಹೇಳಿದಾಗ ಅವರು ತಲೆಯಾಡಿಸಿ, ಹಳ್ಳದ ಅಂಚಿನ ಬದಿಯನ್ನು ಮುಂದೆ ಗುಡಿಸುವುದು ಬೇಡವೆಂದು ಕೆಲಸದವರಿಗೆ ಹೇಳುತ್ತೇನೆ ಎಂದರು.

ಮರದ ಕಾಂಡಗಳ ಮೇಲೆ ಎರಡು ಬಾಲದ ಹರ್ಸಿಲಿಯಾ. ಬಾಲವೆಂದು ಕಾಣುವುದು ಉದ್ದನೆಯ ನೂಲುಮೊಲೆಗಳು. ತೊಗಟೆಗೆ ಒತ್ತಿ ಕೂತು, ಇರುವೆ ಬಂದೊಡನೆ ಅದರ ಸುತ್ತ ಗಿರಗಿರನೆ ತಿರುಗಿ ನೂಲಿನಿಂದ ತೊಗಟೆಗೇ ಹೊಲಿದುಬಿಡುತ್ತದೆ. ಅದೇ ಕಾಂಡದ ಇನ್ನೊಂದು ಮಗ್ಗುಲಲ್ಲಿ ಹೆರೆನಿಯಾ ಮಲ್ಟಿಪಂಕ್ಟಾ, ಕಾಂಡದ ಉಬ್ಬುತಗ್ಗಿಗೆ ಸರಿಯಾಗಿ ಬಾಗಿದ, ಕಾಂಡಕ್ಕೆ ತೀರ ಹತ್ತಿರದ ಬಲೆಯಲ್ಲಿ. ಕಾಲುದಾರಿಯ ಮೇಲೆ, ತಲೆಗಿಂತ ಎತ್ತರದಲ್ಲಿ ನೆಫಿಲಾ ಪಿಲಿಪೆಸ್. ಮಲೆನಾಡಿನಲ್ಲಿ ಓಡಾಡಿದ ಯಾರೂ ಇದನ್ನು ಕಾಣದಿರಲಾರರು: ಅಂಗೈಯಗಲಕ್ಕೆ ಕಾಲು ಚಾಚಿದ ಕಪ್ಪು ಹಳದಿ ಹೆಣ್ಣು, ಬಿಸಿಲಿಗೆ ಚಿನ್ನದ ಬಣ್ಣ ಹೊಳೆಯುವ ಬಲೆ. ಹೆಣ್ಣಿನ ಮೈಯುದ್ದ 30ರಿಂದ 50 ಮಿ.ಮೀ., ಗಂಡಿನದು ಐದಾರು ಮಿ.ಮೀ. ಬಲೆಯ ಅಂಚಿನಲ್ಲಿ ಹೆದರಿ ಕೂತ ಆ ಚಿಕ್ಕ ಕೆಂಪು ಜೀವಿ ಇನ್ಯಾವುದೋ ಜಾತಿಯೆಂದು ಜನ ತಿಳಿಯುವುದೇ ಹೆಚ್ಚು. ಬೇರೆ ಜಾತಿಯವೂ ಅಲ್ಲಿರುತ್ತವೆ. ಬೆಳ್ಳಿ ಹನಿಯಂಥ ಆರ್ಗೈರೋಡೆಸ್ ಜೇಡಗಳು ಸ್ವಂತ ಬೇಟೆ ಬಿಟ್ಟು ನೆಫಿಲಾದ ಬಲೆಯ ಸಣ್ಣಪುಟ್ಟ ಹುಳುಗಳನ್ನು ಕದ್ದು ತಿನ್ನುತ್ತವೆ. ಒಂದೇ ಬಲೆಯಲ್ಲಿ ಇಷ್ಟು ಬದುಕು.

ರಾತ್ರಿ ಬಲೆ ಹೆಣೆಯುವ ಅನೇಕ ಚಕ್ರಬಲೆ ಜೇಡಗಳು ಬೆಳಗಾಗುವ ಮುನ್ನ ಹಳೆಯ ಬಲೆಯನ್ನು ಸುತ್ತಿ ನುಂಗಿಬಿಡುತ್ತವೆ. ನೂಲು ಪ್ರೋಟೀನು, ಅದನ್ನು ವ್ಯರ್ಥ ಮಾಡದೆ ಮರುದಿನದ ಬಲೆಗೆ ಮತ್ತೆ ಬಳಸುತ್ತವೆ. ಜಗತ್ತು ಹುಟ್ಟುವ ಬಗೆಯನ್ನು ವಿವರಿಸುವಾಗ ಮುಂಡಕೋಪನಿಷತ್ತು ನೂಲನ್ನು ಹೊರಬಿಟ್ಟು ಮತ್ತೆ ಒಳಗೆಳೆದುಕೊಳ್ಳುವ ಜೇಡವನ್ನು ಉದಾಹರಿಸುತ್ತದೆ. ಯಾರೋ ಒಬ್ಬರು ಆ ಕಾಲದಲ್ಲಿ ನಸುಕಿನವರೆಗೆ ಎಚ್ಚರವಿದ್ದು ಜೇಡವನ್ನು ನೋಡಿರಬೇಕು ಎಂದು ನನಗನ್ನಿಸುತ್ತದೆ.

ಚಗಳಿ ಇರುವೆಯ ಗೂಡಿದ್ದ ಮರದ ಬಳಿ ವಿದ್ಯಾರ್ಥಿನಿಯೊಬ್ಬಳು ಒಂದು ಚಗಳಿಯನ್ನು ತೋರಿಸಿ “ಸರ್, ಇದು ನೂಲು ಬಿಟ್ಟು ಇಳೀತಾ ಇದೆ” ಎಂದು ಕೂಗಿದಳು. ಅದು ಚಗಳಿಯಲ್ಲ, ಚಗಳಿಯ ವೇಷದ ಜಿಗಿಯುವ ಜೇಡ. ಮುಂಗಾಲುಗಳನ್ನು ಎತ್ತಿ ಮೀಸೆಯಂತೆ ಆಡಿಸುತ್ತದೆ, ಸೊಂಟ ಸಣ್ಣ ಮಾಡಿಕೊಂಡಿದೆ, ಬಣ್ಣ ಅದೇ ಕೆಂಪು. ಗಂಡಿನ ದವಡೆ ಎಷ್ಟು ಉದ್ದವೆಂದರೆ ಒಂದು ಚಗಳಿ ಇನ್ನೊಂದನ್ನು ಹೊತ್ತೊಯ್ಯುವಂತೆ ತೋರುತ್ತದೆ. ಚಗಳಿಯ ಕಡಿತಕ್ಕೆ ಹೆದರಿ ಹಕ್ಕಿಗಳೂ ಇತರ ಬೇಟೆಗಾರರೂ ಇದನ್ನು ಬಿಟ್ಟುಬಿಡುತ್ತವೆ. ಅಮೈಸಿಯಾ ಎಂಬ ಏಡಿ ಜೇಡವೂ ಚಗಳಿಯನ್ನೇ ಹೋಲುತ್ತದೆ. ಅದು ಚಗಳಿಗಳನ್ನೇ ಹಿಡಿದು ತಿನ್ನುತ್ತದೆ.

ಕಾನುಗಳು ಇನ್ನೂ ಏನನ್ನು ಅಡಗಿಸಿಕೊಂಡಿವೆ ಎಂಬುದಕ್ಕೆ ಇಲ್ಲಿಯದೇ ಸಾಕ್ಷಿಗಳಿವೆ. ಇದೇ ತಾಲ್ಲೂಕಿನ ಕತ್ತಲೆಕಾನಿನ ಜೌಗಿನಲ್ಲಿ, ರಾಮಪತ್ರೆ ಜಡ್ಡಿಯಲ್ಲಿ, ವಿಜ್ಞಾನಕ್ಕೆ ಹೊಸದಾದ ಒಂದು ದೊಡ್ಡ ಮರವೇ ಸಿಕ್ಕಿ 2000ದಲ್ಲಿ ಹೆಸರು ಪಡೆಯಿತು: ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್. ಮರವೇ ಕಣ್ಣಿಗೆ ಬೀಳದೆ ಉಳಿದಿತ್ತೆಂದರೆ ಜೇಡದ ಮಾತೇನು. 2016ರಲ್ಲಿ ಶಿವಮೊಗ್ಗ ಜಿಲ್ಲೆಯ ಕಾನುಗಳಿಂದ ಜಾವೇದ್ ಅಹ್ಮದ್, ರಾಜಶ್ರೀ ಖಲಪ್ ಮತ್ತು ಸುಮುಖ ಜಾವಗಲ್ ಒಂದು ಜೇಡವನ್ನು ವಿವರಿಸಿದರು. ಸುಮಾರು 7 ಮಿ.ಮೀ. ಉದ್ದ, ಒಣಗಿ ಮುದುಡಿದ ಎಲೆಯದೇ ಆಕಾರ, ಬಣ್ಣ. ಹ್ಯಾರಿ ಪಾಟರ್ ಕಥೆಗಳ ಮಾಂತ್ರಿಕ ಟೊಪ್ಪಿಯನ್ನು ಹೋಲುವ ಕಾರಣ ಆ ಟೊಪ್ಪಿಯ ಒಡೆಯನ ಹೆಸರಿನಲ್ಲಿ ಎರಿಯೋವಿಕ್ಸಿಯಾ ಗ್ರಿಫಿಂಡೋರಿ ಎಂದು ಕರೆದರು. ಜಗತ್ತಿನ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ಸುದ್ದಿಯಾದದ್ದು ಹೆಸರು. ಆ ಜೇಡ ಒಣ ಎಲೆಯಾಗಿ ಬದುಕಬೇಕಾದರೆ ಒಣ ಎಲೆ ನೇತಾಡುವ ಪೊದೆಗಳಿರುವ ಕಾನು ಬೇಕು ಎಂಬುದು ಸುದ್ದಿಯಾಗಲಿಲ್ಲ.

ರಸ್ತೆ ಬದಿಯ ಧರೆಯಲ್ಲಿ ನಾವು ಏನನ್ನೂ ಹಿಡಿಯಲಿಲ್ಲ, ನೋಡಿ ಬರೆದುಕೊಂಡೆವು ಅಷ್ಟೆ. ಇಲ್ಲಿ ನೂಲಿನ ಅಸ್ತರಿ ಹಾಕಿದ ಬಿಲಗಳಿವೆ. ಕೆಲವು ಮಣ್ಣಿನ ಬಾಗಿಲು ಮಾಡಿಕೊಂಡು ಒಳಗಿರುವ ಬಾಗಿಲು ಜೇಡಗಳವು. ಕೆಲವು ಪಶ್ಚಿಮ ಘಟ್ಟವನ್ನು ಬಿಟ್ಟು ಬೇರೆಲ್ಲೂ ಇಲ್ಲದ ಥ್ರಿಗ್ಮೋಪೀಯಸ್ ಕುಲದ ದೊಡ್ಡ ರೋಮಜೇಡಗಳವು. ಇವುಗಳ ಹೆಣ್ಣು ಹಲವು ವರ್ಷ ಬದುಕುತ್ತದೆ, ಬಿಲ ಬಿಟ್ಟು ಹೋಗುವುದು ಅಪರೂಪ. ರಸ್ತೆ ಅಗಲ ಮಾಡಲು ಜೆಸಿಬಿ ಒಂದು ಮಧ್ಯಾಹ್ನ ಧರೆ ಕೆತ್ತಿದರೆ ಹತ್ತಾರು ವರ್ಷಗಳ ಒಂದು ಕೇರಿಯೇ ಹೋಗುತ್ತದೆ. ಇವುಗಳ ಬಂಧು, ಮರದ ಪೊಟರೆಯಲ್ಲಿರುವ ಪೀಸಿಲೋಥೀರಿಯಾ ಜೇಡಗಳನ್ನು ಸಾಕುಪ್ರಾಣಿಯಾಗಿ ಮಾರಲು ಕದ್ದೊಯ್ಯುವ ಜಾಲವೇ ಹೊರದೇಶಗಳಲ್ಲಿದೆ. ಆ ವ್ಯಾಪಾರದ ಮೇಲೆ ಅಂತರರಾಷ್ಟ್ರೀಯ ನಿಯಂತ್ರಣ ಬಂದದ್ದು 2019ರಲ್ಲಿ. ಆದ್ದರಿಂದ ಇಂಥ ಬಿಲ, ಪೊಟರೆಗಳು ಕಂಡರೆ ಅವುಗಳ ನಿಖರ ಜಾಗವನ್ನು ಜಾಲತಾಣಗಳಲ್ಲಿ ಹಾಕಬೇಡಿ.

ಸಂಜೆ ಜಗಲಿಯ ಮೇಲೆ ಕೂತು ಸೀಸೆಗಳನ್ನು ವಿಂಗಡಿಸುವುದೇ ಕಷ್ಟದ ಭಾಗ, ಮನಸ್ಸಿಗೂ ಕಷ್ಟ. ಆಲ್ಕೋಹಾಲಿಗೆ ಬಿದ್ದ ಜೇಡದ ಕಾಲುಗಳು ಒಳಕ್ಕೆ ಮುದುಡುತ್ತವೆ. ಜೇಡದ ಕಾಲಿನ ಮುಖ್ಯ ಕೀಲುಗಳಲ್ಲಿ ಮಡಚುವ ಸ್ನಾಯು ಇದೆ, ಚಾಚುವ ಸ್ನಾಯು ಇಲ್ಲ. ದೇಹದ ದ್ರವವನ್ನು ಒತ್ತಿ ಕಾಲಿಗೆ ಕಳಿಸಿ ಅದರ ಒತ್ತಡದಿಂದ ಚಾಚುತ್ತದೆ. ಜೀವ ಹೋದರೆ ಒತ್ತಡವಿಲ್ಲ. ಸತ್ತ ಜೇಡ ಮುದುಡಿಕೊಂಡೇ ಇರುವುದು ಇದಕ್ಕೆ. ಕೊಲ್ಲದೆ ಆಗುವುದಿಲ್ಲವೇ ಎಂದು ವಿದ್ಯಾರ್ಥಿಗಳು ಕೇಳಿದರು, ಕೇಳಲೇಬೇಕಾದ ಪ್ರಶ್ನೆ. ಮೈಮೇಲಿನ ಚಿತ್ತಾರ ಒಂದೇ ಪ್ರಭೇದದಲ್ಲೂ ಬದಲಾಗುತ್ತದೆ. ಪ್ರಭೇದವನ್ನು ಖಚಿತವಾಗಿ ಹೇಳುವುದು ಪ್ರಾಯದ ಹೆಣ್ಣಿನ ಹೊಟ್ಟೆಯಡಿಯ ಜನನಾಂಗದ ರಚನೆಯಿಂದ, ಗಂಡಿನ ಬಾಯಿಬದಿಯ ಪುಟ್ಟ ಅಂಗದ ತುದಿಯ ಕೊಕ್ಕೆ, ಸುರುಳಿಗಳಿಂದ. ಅದನ್ನು ನೋಡಲು ಸೂಕ್ಷ್ಮದರ್ಶಕ ಬೇಕು, ಜೇಡ ಅಲ್ಲಾಡಬಾರದು. ಫೋಟೊದಿಂದ ಹೆಸರು ಹೇಳಬಹುದಾದ ನೆಫಿಲಾ, ಹೆರೆನಿಯಾಗಳನ್ನು ನಾವು ಮುಟ್ಟಲಿಲ್ಲ. ಮರಿಗಳನ್ನು, ಮೊಟ್ಟೆ ಹೊತ್ತ ಹೆಣ್ಣುಗಳನ್ನು ಹಿಡಿದ ಜಾಗದಲ್ಲೇ ಬಿಟ್ಟೆವು. ಅಗತ್ಯವಿದ್ದಷ್ಟೇ, ಪ್ರಶ್ನೆ ಇದ್ದರಷ್ಟೇ. ಸಂಗ್ರಹದ ಹವ್ಯಾಸಕ್ಕಾಗಿ ಹಿಡಿಯುವುದನ್ನು ನಾನು ಒಪ್ಪಲಾರೆ.

ತೆಗೆದ ಜೀವಕ್ಕೆ ನಾವು ಸಲ್ಲಿಸಬಹುದಾದ ನ್ಯಾಯ ಒಂದೇ, ಅದರ ಚೀಟಿ. ಪೆನ್ಸಿಲ್ಲಿನಲ್ಲಿ ಬರೆಯಬೇಕು, ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಕರಗುತ್ತದೆ. ಚೀಟಿ ಸೀಸೆಯ ಹೊರಗಲ್ಲ, ಒಳಗಿರಬೇಕು. ಊರು, ತಾಲ್ಲೂಕು, ಅಕ್ಷಾಂಶ ರೇಖಾಂಶ, ಸಮುದ್ರಮಟ್ಟದಿಂದ ಎತ್ತರ, ದಿನಾಂಕ, ಹೊತ್ತು, ಹಿಡಿದವರ ಹೆಸರು. ಎಲ್ಲಕ್ಕಿಂತ ಮುಖ್ಯವಾಗಿ ಆ ಸಾಲು: ‘ಹಳ್ಳದ ನೀರಿನಿಂದ ಒಂದು ಗೇಣು ಮೇಲೆ, ಒದ್ದೆ ಬಂಡೆಯ ಅಡಿಮೈ’. ಈ ಸಾಲಿಲ್ಲದ ಜೇಡ ವಿಜ್ಞಾನದ ಪಾಲಿಗೆ ಸತ್ತ ಹುಳು ಮಾತ್ರ. ಈ ಸಾಲಿದ್ದರೆ ನೂರು ವರ್ಷದ ನಂತರ ಬಂದವರು ಅದೇ ಬಂಡೆಯ ಅಡಿಗೆ ಬಗ್ಗಿ ನೋಡಬಹುದು.

ಆಗ ಬಂಡೆ ಅಲ್ಲಿರುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಅಘನಾಶಿನಿಯ ನೀರನ್ನು ಪೂರ್ವಕ್ಕೆ, ವೇದಾವತಿಯತ್ತ ತಿರುಗಿಸುವ ಪ್ರಸ್ತಾಪ ಚರ್ಚೆಯಲ್ಲಿದೆ, ಉತ್ತರ ಕನ್ನಡದ ಜನ ಅದನ್ನು ವಿರೋಧಿಸುತ್ತಿದ್ದಾರೆ. ಇಂಥ ಯೋಜನೆಗಳ ಪರಿಸರ ವರದಿಗಳಲ್ಲಿ ಮರಗಳ ಎಣಿಕೆ ಇರುತ್ತದೆ, ಪ್ರಾಣಿಗಳ ಪಟ್ಟಿ ಇರುತ್ತದೆ. ನೀರಂಚಿನ ಒಂದು ಗೇಣಿನ ಲೆಕ್ಕವನ್ನೂ ಕೇಳಬೇಕು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಹೊಳೆಯ ಹರಿವು ಇಳಿದರೆ ಮೊದಲು ಬತ್ತುವುದು ಆ ಒಂದು ಗೇಣು. ಜಗತ್ತಿನ ಜೇಡಗಳೆಲ್ಲ ಸೇರಿ ವರ್ಷಕ್ಕೆ 40ರಿಂದ 80 ಕೋಟಿ ಟನ್ ಕೀಟಾದಿಗಳನ್ನು ತಿನ್ನುತ್ತವೆಂದು 2017ರಲ್ಲಿ ಯುರೋಪಿನ ಇಬ್ಬರು ವಿಜ್ಞಾನಿಗಳು ಅಂದಾಜಿಸಿದ್ದಾರೆ. ಅದರಲ್ಲಿ ನಮ್ಮ ಹಳ್ಳಗಳ ಪಾಲೂ ಇದೆ.

ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕು. ನಿಮ್ಮ ಪಂಚಾಯಿತಿಗೆ ಹೋಗಿ ಆ ಪುಸ್ತಕವನ್ನು ಕೇಳಿ ನೋಡಿ. ಅದರಲ್ಲಿ ಜೇಡಗಳ ಪುಟವಿಲ್ಲದಿದ್ದರೆ ಊರ ಶಾಲೆಯ ಮಕ್ಕಳನ್ನು ಕರೆದುಕೊಂಡು ಹಳ್ಳದ ದಂಡೆಗೆ ಹೋಗಿ. ಏನನ್ನೂ ಹಿಡಿಯಬೇಡಿ; ಫೋಟೊ ತೆಗೆಯಿರಿ, ಎಲ್ಲಿ, ಎಷ್ಟು ಎತ್ತರದಲ್ಲಿ, ಯಾವ ಹೊತ್ತಿನಲ್ಲಿ ಕಂಡಿತೆಂದು ಬರೆಯಿರಿ, ಹೆಸರಿಗಾಗಿ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ನಂಥ ತಾಣಗಳಲ್ಲಿ ಬಲ್ಲವರನ್ನು ಕೇಳಿ. ಹೆಸರು ಸಿಗದಿದ್ದರೂ ವಿಳಾಸವನ್ನು ಆ ಪುಸ್ತಕದಲ್ಲಿ ಬರೆಸಿ.